ವಿಜಯಪುರಕ್ಕೆ ಅಪ್ಪ-ಅಮ್ಮನ ಜತೆ ಎರಡು ದಿನ: ಗೈಡ್, ಡ್ರೈವರ್ ಬೇಕೇ?

ಸರ್ವೇಯರ್ ಮಗ

ನಮಸ್ಕಾರ. ಮೈಸೂರಿನಿಂದ ಬರೆಯುತ್ತಿದ್ದೇನೆ. ಡಿಸೆಂಬರ್ ಎರಡನೆಯ ವಾರ ಅಪ್ಪ, ಅಮ್ಮ, ಹೆಂಡತಿ ಮತ್ತು ಒಂಬತ್ತು ವರ್ಷದ ಮಗಳ ಜತೆ ವಿಜಯಪುರಕ್ಕೆ ಹೋಗುವ ಯೋಚನೆ ಇದೆ. ಅಪ್ಪನಿಗೆ ಎಪ್ಪತ್ತಾರು. ಭೂಮಾಪನ ಇಲಾಖೆಯಲ್ಲಿದ್ದು ನಿವೃತ್ತರಾದವರು, ಎರಡೂ ಮಂಡಿ ಸವೆದಿವೆ. ಅಮ್ಮ ಗಟ್ಟಿಗಿತ್ತಿ. ಇಲ್ಲಿಂದಲೇ ಕಾರು ಮಾಡಿಕೊಂಡು ಹೋಗುವುದೋ, ರೈಲಿನಲ್ಲಿ ಹೋಗಿ ಅಲ್ಲಿ ಕಾರು ಹಿಡಿಯುವುದೋ ತಿಳಿಯುತ್ತಿಲ್ಲ. ಗೈಡ್ ವಿಷಯದಲ್ಲಂತೂ ಮನೆಯಲ್ಲೇ ಒಮ್ಮತವಿಲ್ಲ. ಅಪ್ಪನಿಗೆ ಗೈಡ್‌ಗಳೆಂದರೆ ಆಗುವುದಿಲ್ಲ. ಹಿಂದೊಮ್ಮೆ ಹಳೇಬೀಡಿನಲ್ಲಿ ಒಬ್ಬರು ಹೇಳಿದ ಅಳತೆ ತಪ್ಪು ಎಂದು ಬಿಸಿಲಲ್ಲಿ ಅರ್ಧ ಗಂಟೆ ವಾದಕ್ಕೆ ನಿಂತಿದ್ದರು. ಹೋಗಿ ಬಂದವರು ದಯವಿಟ್ಟು ಹೇಳಿ.

ನವರಸಪುರ

ನಮ್ಮೂರಿಗೆ ಸ್ವಾಗತ. ಕಾಗದದಲ್ಲಿ 2014ರ ರಾಜ್ಯೋತ್ಸವದಿಂದ ವಿಜಯಪುರ, ನಾಲಿಗೆಯ ಮೇಲೆ ಇನ್ನೂ ಬಿಜಾಪುರ. ಯಾವುದನ್ನು ಹೇಳಿದರೂ ಆಟೊದವರು ಬರುತ್ತಾರೆ.

ಮೈಸೂರಿನಿಂದ ಕಾರು ತರಬೇಡಿ. ಹೊರಊರಿನ ಬಾಡಿಗೆಗೆ ದಿನಕ್ಕೆ ಇಷ್ಟು ಎಂದು ಕನಿಷ್ಠ ಕಿಲೋಮೀಟರ್ ಹಿಡಿಯುತ್ತಾರೆ, ಸಾಮಾನ್ಯವಾಗಿ 250ರಿಂದ 300. ನಮ್ಮೂರಿನಲ್ಲಿ ಎಲ್ಲವನ್ನೂ ಸುತ್ತಿದರೂ ದಿನಕ್ಕೆ ನಲವತ್ತು ಕಿಲೋಮೀಟರ್ ದಾಟುವುದಿಲ್ಲ. ಗುಮ್ಮಟದ ನೆರಳಿನಲ್ಲಿ ನಿಂತ ಕಾರಿಗೆ ಮುನ್ನೂರು ಕಿಲೋಮೀಟರ್ ದುಡ್ಡು ಕೊಟ್ಟಂತಾಗುತ್ತದೆ. ರಾತ್ರಿ ರೈಲಿನಲ್ಲಿ ಬನ್ನಿ, ಅದರ ಹೆಸರೇ ಗೋಲಗುಂಬಜ್ ಎಕ್ಸ್‌ಪ್ರೆಸ್. ಇಲ್ಲಿ ಇಳಿದು ‘ಎಂಟು ಗಂಟೆ, ಎಂಬತ್ತು ಕಿಲೋಮೀಟರ್’ ಲೆಕ್ಕದಲ್ಲಿ ಕಾರು ಮಾತಾಡಿಕೊಳ್ಳಿ. ಎರಡನೆಯ ದಿನ ಸಂಜೆ ಮಗಳಿಗೆ ಒಂದು ಟಾಂಗಾ ಸವಾರಿಯೂ ಆಗಲಿ.

ಇನ್ನೊಂದು ಮಾತು. ಶುಕ್ರವಾರ ತಪ್ಪಿಸಿ. ಗುಮ್ಮಟದ ಎದುರು ನಗಾರಖಾನೆಯಲ್ಲಿರುವ ಪುರಾತತ್ವ ಇಲಾಖೆಯ ಮ್ಯೂಸಿಯಂಗೆ ಅಂದು ರಜೆ. ಜಾಮಿಯಾ ಮಸೀದಿಯಲ್ಲಿ ಮಧ್ಯಾಹ್ನ ನಮಾಜು ಇರುತ್ತದೆ, ನಿಮಗೆ ನಿಧಾನವಾಗಿ ನೋಡಲು ಆಗುವುದಿಲ್ಲ.

ಒಂಟಿ ಪಯಣಿಗ

ಗೈಡ್ ಬೇಡವೇ ಬೇಡ. ಪ್ರತಿಯೊಂದು ಸ್ಮಾರಕದ ಮುಂದೂ ಇಲಾಖೆಯ ಫಲಕವಿದೆ, ಮೊಬೈಲಿನಲ್ಲಿ ಎಲ್ಲವೂ ಸಿಗುತ್ತದೆ. ನಾನು ಮೂರು ಸಲ ಹೋಗಿದ್ದೇನೆ, ಒಂದು ಸಲವೂ ಯಾರನ್ನೂ ಕರೆದುಕೊಂಡಿಲ್ಲ. ಅವರ ಕಥೆ ಕೇಳುತ್ತಾ ನಡೆದರೆ ಕಲ್ಲನ್ನು ನೋಡುವುದೇ ಇಲ್ಲ. ಹೇಳಿದ್ದನ್ನೇ ಹೇಳುವ ಆ ಏರುದನಿಯೇ ನನಗೆ ಸಾಕಾಗಿಹೋಗಿದೆ.

ಹಳದಿ ಬೋರ್ಡ್

ನಾನು ಬಾಗಲಕೋಟೆ ಕಡೆಯವನು, ಟ್ಯಾಕ್ಸಿ ಓಡಿಸುತ್ತೇನೆ. ಬದಾಮಿ, ಪಟ್ಟದಕಲ್ಲು, ವಿಜಯಪುರ ಎಂದು ವರ್ಷವಿಡೀ ಇದೇ ದಾರಿ. ಕೇಳಿದ್ದೀರಿ ಎಂದು ಹೇಳುತ್ತೇನೆ.

ಬಿಳಿ ಬೋರ್ಡಿನ ಕಾರು ನೂರಿನ್ನೂರು ಕಡಿಮೆಗೆ ಬರುತ್ತದೆ ಎಂದು ಹತ್ತಬೇಡಿ. ಅದು ಸ್ವಂತ ಬಳಕೆಯ ಗಾಡಿ. ಏನಾದರೂ ಆದರೆ ವಿಮೆಯವರು ಕೈ ಎತ್ತುತ್ತಾರೆ. ಡ್ರೈವರ್ ಬಾಟಾ (ಅವನ ದಿನದ ಭತ್ಯೆ), ಟೋಲ್, ಪಾರ್ಕಿಂಗ್ ಬಾಡಿಗೆಯ ಒಳಗೋ ಹೊರಗೋ ಎಂಬುದನ್ನು ಗಾಡಿ ಹತ್ತುವ ಮೊದಲೇ ಮಾತಾಡಿ. ಕೊನೆಗೆ ಜಗಳವಾಗುವುದು ಈ ಮೂರಕ್ಕೇ.

ಮತ್ತೆ, ಅಂಗಡಿಯ ವಿಷಯ. ಇಳಕಲ್ ಸೀರೆ ತೋರಿಸುತ್ತೇನೆ ಎಂದು ಡ್ರೈವರ್ ಕರೆದುಕೊಂಡು ಹೋದರೆ ಅಲ್ಲಿ ಅವನಿಗೆ ಕಮಿಷನ್ ಇದೆ ಎಂದೇ ತಿಳಿಯಿರಿ. ನಾನೂ ತೆಗೆದುಕೊಂಡಿದ್ದೇನೆ, ಸುಳ್ಳು ಹೇಳುವುದಿಲ್ಲ. ಸೀಸನ್ ಇಲ್ಲದ ತಿಂಗಳು ಕಾರಿನ ಕಂತು ಕಟ್ಟಿರುವುದು ಅದರಿಂದಲೇ. ಬೇಡ ಎಂದಾದರೆ ಬೆಳಗ್ಗೆಯೇ ನಗುತ್ತಾ ಹೇಳಿಬಿಡಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅಂಗಡಿಯ ಒಳಗೆ ಹೋಗಿ ಹತ್ತು ಸೀರೆ ಬಿಚ್ಚಿಸಿ, ಆಮೇಲೆ ಹೊರಗೆ ಬಂದು ನಮ್ಮ ಮುಖ ನೋಡಬೇಡಿ, ಅಷ್ಟೇ.

ಡಲ್ಲಾಸ್ ಅತ್ತಿಗೆ

ನಡುವೆ ಬಾಯಿ ಹಾಕುತ್ತಿದ್ದೇನೆ. ಹೋದ ವರ್ಷ ಅಲ್ಲಿ ನಮ್ಮವರು ನಮ್ಮಿಬ್ಬರಿಗೂ ವಿದೇಶಿಯರ ಟಿಕೆಟ್ ತೆಗೆದುಬಿಟ್ಟಿದ್ದರು, ತಲಾ 300 ರೂಪಾಯಿ. ಓಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ನಾಗರಿಕರಿಗೆ ಸರ್ಕಾರ ಕೊಡುವುದು) ಇದ್ದವರಿಗೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಭಾರತೀಯರ ದರವೇ ಅನ್ವಯ ಎಂದು ಗೈಡ್ ಹೇಳಿದ ಮೇಲೆ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಗೋರಿ ಇಬ್ರಾಹಿಂ ರೋಜಾದಲ್ಲಿ 25 ರೂಪಾಯಿಯಲ್ಲೇ ಮುಗಿಯಿತು. ಕಾರ್ಡನ್ನು ಸೂಟ್‌ಕೇಸಿನಲ್ಲಿ ಬಿಟ್ಟು ಹೋಗಬೇಡಿ. ಗೈಡಿಗೆ ಕೊಟ್ಟ ದುಡ್ಡಿನಲ್ಲಿ ಒಂದಿಷ್ಟು ಅಲ್ಲೇ ಹುಟ್ಟಿತು!

ನವರಸಪುರ

ಗೈಡ್ ಬೇಕಾದರೆ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರುವವರನ್ನೇ ಕೇಳಿ. ದಿನಕ್ಕೆ ಎಷ್ಟು, ಯಾವ ಯಾವ ಜಾಗ ಎಂಬುದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಗೇಟಿನಲ್ಲಿ ಬೆನ್ನು ಹತ್ತುವವರೆಲ್ಲ ಗೈಡ್‌ಗಳಲ್ಲ. ಒಂಟಿ ಪಯಣಿಗರು ಬೇಡವೆನ್ನುತ್ತಾರೆ, ಅದು ಅವರ ಕಾಲು, ಅವರ ಸಮಯ. ಮಂಡಿ ನೋವಿನ ಹಿರಿಯರು ಜತೆಗಿದ್ದಾಗ ಯಾವ ಬಾಗಿಲಿನಿಂದ ಹೋದರೆ ನಾಲ್ಕು ಮೆಟ್ಟಿಲು ಕಡಿಮೆ, ಎಲ್ಲಿ ಕೂರಲು ಜಾಗವಿದೆ ಎಂಬುದನ್ನು ಯಾವ ಫಲಕವೂ ಹೇಳುವುದಿಲ್ಲ.

ಸರ್ವೇಯರ್ ಮಗ

ಹೋಗಿ ಬಂದೆವು. ವರದಿ ಒಪ್ಪಿಸುವುದು ಧರ್ಮ. ಉದ್ದವಾಗುತ್ತದೆ, ಕ್ಷಮಿಸಿ.

ಗೈಡ್ ಐವತ್ತರ ಆಸುಪಾಸಿನವರು, ಮಿತಭಾಷಿ. ರೈಲು ಇಳಿದ ದಿನ ಮಧ್ಯಾಹ್ನದವರೆಗೆ ವಿಶ್ರಾಂತಿ ಮಾಡಿ ಎಂದರು. ಗುಮ್ಮಟಕ್ಕೆ ಮರುದಿನ ಬೆಳಗಾಗುತ್ತಿದ್ದಂತೆ ಬಾಗಿಲು ತೆರೆದಾಗಲೇ ಹೋಗಬೇಕಂತೆ. ‘ಹತ್ತು ಗಂಟೆಗೆ ಶಾಲೆಯ ಬಸ್ಸುಗಳು ಬರುತ್ತವೆ ಸರ್. ಆಮೇಲೆ ಕೇಳಿಸುವುದು ಗುಮ್ಮಟವಲ್ಲ, ಮಕ್ಕಳು.’ ಈ ಒಂದು ಮಾತಿಗೇ ಅವರ ಸಂಬಳ ಸಂದಿತು ಎನ್ನುತ್ತೇನೆ.

ಮರುದಿನ ಬೆಳಗ್ಗೆ ಒಳಗೆ ನಾವು ಐದು ಜನ, ಗೈಡ್, ಕಸ ಗುಡಿಸುವ ಒಬ್ಬರು ಹೆಂಗಸು. ಅಷ್ಟೇ. ನಡುವಿನ ಕಟ್ಟೆಯ ಮೇಲೆ ಸುಲ್ತಾನ ಮಹಮ್ಮದ್ ಆದಿಲ್ ಶಾಹ, ಅವನ ಇಬ್ಬರು ಬೇಗಮರು, ನರ್ತಕಿ ರಂಭಾ, ಮಗಳು, ಮೊಮ್ಮಗ. ಇವು ಗುರುತಿನ ಗೋರಿಗಳು, ನಿಜವಾದವು ಕೆಳಗಿನ ನೆಲಮನೆಯಲ್ಲಿವೆ. ಅಪ್ಪ ಇದಾವುದನ್ನೂ ನೋಡುತ್ತಿರಲಿಲ್ಲ. ಕತ್ತೆತ್ತಿ ನಿಂತುಬಿಟ್ಟಿದ್ದರು. ಒಳವ್ಯಾಸ ಸುಮಾರು 38 ಮೀಟರಿನ ಗುಮ್ಮಟ, ಅದರ ಕೆಳಗೆ ಒಂದೇ ಒಂದು ಕಂಬವಿಲ್ಲ. ‘ಚೌಕದ ಮೇಲೆ ವೃತ್ತವನ್ನು ಹೇಗೆ ಕೂರಿಸಿದರು?’ ಎಂದು ಗೈಡನ್ನು ಕೇಳಿದರು. ಪರೀಕ್ಷೆಯ ದನಿ. ನನಗೆ ಹಳೇಬೀಡು ನೆನಪಾಯಿತು.

ಗೈಡ್ ಜೇಬಿನಿಂದ ಎರಡು ಕರವಸ್ತ್ರ ತೆಗೆದರು. ಒಂದನ್ನು ನೆಲದ ಮೇಲೆ ಹಾಸಿದರು. ಇನ್ನೊಂದನ್ನು ಅದರ ಮೇಲೆ ಓರೆಯಾಗಿ, ಮೂಲೆಗಳು ಹೊರಗೆ ಚಾಚುವಂತೆ ಇಟ್ಟರು. ‘ಎರಡು ಚೌಕ ಸೇರಿದರೆ ಎಂಟು ಮೂಲೆ. ಮೇಲೆ ನೋಡಿ, ಆ ಕಮಾನುಗಳು ಒಂದನ್ನೊಂದು ಹೀಗೆಯೇ ದಾಟಿಕೊಂಡು ಹೋಗಿವೆ. ನಡುವೆ ಉಳಿದದ್ದು ಎಂಟು ಮೂಲೆಯ ಬಾಯಿ. ಎಂಟು ಮೂಲೆಗೆ ದುಂಡು ಮುಚ್ಚಳ ಕೂರಿಸುವುದು ಸುಲಭ ಸರ್, ನಾಲ್ಕಕ್ಕೆ ಕಷ್ಟ.’ ಅಪ್ಪ ಬಗ್ಗಲಾರದೆ ಬಗ್ಗಿ ಮೇಲಿನ ಕರವಸ್ತ್ರವನ್ನು ಎರಡು ಬೆರಳಷ್ಟು ತಿರುಗಿಸಿ ನೇರ ಮಾಡಿದರು. ಅಲ್ಲಿಂದ ಮುಂದೆ ಇಬ್ಬರೂ ಒಂದು ಪಕ್ಷ.

ಮೇಲೆ ಹತ್ತುವುದು ಅಪ್ಪನಿಂದ ಆಗದ ಮಾತು. ಮೂಲೆಯ ಗೋಪುರದೊಳಗೆ ಏಳು ಅಂತಸ್ತು, ಇಕ್ಕಟ್ಟಿನ, ಎತ್ತರೆತ್ತರದ ಮೆಟ್ಟಿಲುಗಳು. ಅಮ್ಮ ಸೆರಗು ಸಿಕ್ಕಿಸಿಕೊಂಡು ನಮಗಿಂತ ಮುಂದೆ ಹತ್ತಿದರು. ಪಿಸುಗುಟ್ಟುವ ಗ್ಯಾಲರಿಯಲ್ಲಿ ಗೈಡ್ ನಮ್ಮನ್ನು ಗೋಡೆಗೆ ಕಿವಿ ಕೊಟ್ಟು ಕೂರಲು ಹೇಳಿ, ಅಮ್ಮನನ್ನು ಕರೆದುಕೊಂಡು ಸುತ್ತು ಹಾಕಿ ಎದುರು ದಿಕ್ಕಿಗೆ ಹೋದರು. ಮೊದಲು ಕಾಗದ ಹರಿದ ಸದ್ದು ಬಂತು, ಆಮೇಲೆ ಬೆಂಕಿಕಡ್ಡಿ ಗೀರಿದ ಸದ್ದು. ಎರಡೂ ಮಗಳ ಕಿವಿಯ ಪಕ್ಕದಲ್ಲೇ. ಆಮೇಲೆ ಅಮ್ಮನ ಪಿಸುದನಿ, ನನ್ನ ಭುಜದ ಹಿಂದೆ ನಿಂತು ಹೇಳಿದಷ್ಟು ಸ್ಪಷ್ಟವಾಗಿ: ‘ಗ್ಯಾಸ್ ಆರಿಸಿ ಬಂದೆಯೇನೋ?’

1656ರಿಂದ ಈ ಗೋಡೆ ಏನೇನು ಕೇಳಿಸಿಕೊಂಡಿದೆಯೋ, ಇದು ಮೊದಲ ಸಲ ಇರಬೇಕು.

ಪ್ರವಾದಿಯವರ ಕೇಶವಿದೆ ಎಂದು ನಂಬುವ ಅಸರ್ ಮಹಲಿನ ಒಳಕ್ಕೆ ಹೆಂಗಸರನ್ನು ಬಿಡುವುದಿಲ್ಲ. ಅಮ್ಮ, ಹೆಂಡತಿ, ಮಗಳು ಎದುರಿನ ಹೊಂಡದ ಬಳಿ ಕುಳಿತರು. ನಾನೂ ಒಳಗೆ ಹೋಗಲಿಲ್ಲ. ಮಲಿಕ್-ಎ-ಮೈದಾನ್ ತೋಪಿನ ಬಳಿ ಮಾತ್ರ ಒಂದು ತಾಸು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ 55 ಟನ್ ಎನ್ನುತ್ತಾರೆ. ಬಾಯಿಯಲ್ಲಿ ಸಿಂಹ, ಸಿಂಹದ ಹಲ್ಲಿನ ನಡುವೆ ಆನೆ. ತಟ್ಟಿದರೆ ದೇವಸ್ಥಾನದ ಗಂಟೆಯ ಹಾಗೆ ಗುಂಯ್ ಎನ್ನುತ್ತದೆ. 1854ರಲ್ಲಿ ಬ್ರಿಟಿಷರು ಇದನ್ನು ಹರಾಜಿಗಿಟ್ಟು, 150 ರೂಪಾಯಿಗೆ ಕೂಗು ನಿಂತು, ಕೊನೆಗೆ ಮಾರಾಟ ರದ್ದಾಯಿತಂತೆ. ‘ಗುಜರಿಯವನು ಸಾಗಿಸುವ ಖರ್ಚಿಗೆ ಹೆದರಿರಬೇಕು’ ಎಂದರು ಅಪ್ಪ.

ಇನ್ನು ಬಾರಾಕಮಾನ್. ಮಹಮ್ಮದನ ಮಗ ಎರಡನೆಯ ಅಲಿ ಆದಿಲ್ ಶಾಹನ ಅಪೂರ್ಣ ಗೋರಿ, ಮೇಲೆ ಬರೀ ಆಕಾಶ, ಸುತ್ತ ಕಪ್ಪು ಕಲ್ಲಿನ ಕಮಾನುಗಳು. ಇಲ್ಲಿ ನಮ್ಮ ಮಿತಭಾಷಿ ಗೈಡ್ ಒಂದು ಕಥೆ ಬಿಟ್ಟರು. ಇದು ಮುಗಿದಿದ್ದರೆ ಇದರ ನೆರಳು ಗೋಳಗುಮ್ಮಟದ ಮೇಲೆ ಬೀಳುತ್ತಿತ್ತಂತೆ, ಅದನ್ನು ಸಹಿಸದೆ ತಂದೆಯೇ ಮಗನನ್ನು ಮುಗಿಸಿದನಂತೆ. ಅಪ್ಪ ಎದ್ದು ಕುಳಿತರು. ‘ತಂದೆ ತೀರಿಕೊಂಡದ್ದು ಯಾವಾಗ?’ 1656. ‘ಮಗ?’ 1672. ‘ಗೋರಿಯೊಳಗಿಂದ ಎದ್ದು ಬಂದು ಕೊಂದನೇ?’ ಆಮೇಲೆ ನೆರಳಿನ ಲೆಕ್ಕ. ಗುಮ್ಮಟ ಇಲ್ಲಿಂದ ಪೂರ್ವಕ್ಕೆ ಎರಡು ಕಿಲೋಮೀಟರ್ ಹತ್ತಿರ ಇದೆ. ಕಟ್ಟಡ ಐವತ್ತು ಮೀಟರ್ ಏರಿದ್ದರೂ ಅಷ್ಟು ದೂರದ ನೆರಳು ಬೀಳಬೇಕಾದರೆ ಸೂರ್ಯ ಮುಳುಗಲು ಹತ್ತು ನಿಮಿಷವೂ ಉಳಿದಿರಬಾರದು. ಟಿಕೆಟಿನ ಹಿಂಬದಿಯಲ್ಲಿ ತ್ರಿಕೋನ ಬರೆದು ತೋರಿಸಿದರು. ಗೈಡ್ ಆ ಟಿಕೆಟನ್ನು ಮಡಿಸಿ ಜೇಬಿಗಿಟ್ಟುಕೊಂಡು, ‘ನಾಳೆಯಿಂದ ಇದನ್ನೂ ಸೇರಿಸಿ ಹೇಳುತ್ತೇನೆ ಸರ್’ ಎಂದರು.

ತಾಳೆಗರಿ

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಆದರೆ ನೀವು ನಗುವಿನಲ್ಲಿ ತೇಲಿಸಿದ್ದನ್ನು ನಾನು ಹಾಗೆ ಬಿಡಲಾರೆ. ತಾರೀಖು ಗೊತ್ತಿದ್ದ ಗೈಡ್ ಆ ಕಥೆಯನ್ನು ಹೇಳಿದ್ದೇಕೆ? ರಂಭಾ ಗ್ಯಾಲರಿಯಿಂದ ಹಾರಿ ಪ್ರೀತಿಯನ್ನು ಸಾಬೀತು ಮಾಡಿದಳು, ಅಫಜಲ್ ಖಾನ್ 1659ರಲ್ಲಿ ಶಿವಾಜಿಯ ಮೇಲೆ ಹೊರಡುವ ಮೊದಲು ಹೆಂಡಂದಿರನ್ನೆಲ್ಲ ಬಾವಿಗೆ ತಳ್ಳಿದ. ಇವನ್ನು ಕಣ್ಣಾರೆ ಕಂಡವರಂತೆ ಹೇಳುತ್ತಾರೆ. ಊರ ಹೊರಗೆ ಸಾಠ ಕಬರ್‌ನಲ್ಲಿ ಸಾಲು ಸಾಲಾಗಿ ಅರವತ್ತರ ಆಸುಪಾಸು ಗೋರಿಗಳಿರುವುದು ನಿಜ. ‘ಸಾಠ್’ ಎಂದರೆ ಅರವತ್ತು. ಅದನ್ನು ‘ಸಾತ್’ ಎಂದು ಕೇಳಿಸಿಕೊಂಡು ಏಳು ಗೋರಿ ಹುಡುಕಿದವರನ್ನೂ ಕಂಡಿದ್ದೇನೆ. ಅಲ್ಲಿ ಮಲಗಿರುವವರು ಯಾರು, ಹೇಗೆ ಸತ್ತರು ಎಂಬುದಕ್ಕೆ ಜನರ ಬಾಯಿಮಾತೇ ಆಧಾರ. ಬಾಯಿಮಾತು ಎಂದು ಹೇಳಿ ಹೇಳಲಿ, ನನ್ನ ತಕರಾರು ಅಷ್ಟೇ.

ಮತ್ತೆ, ಹೇಳಬೇಕಾದದ್ದನ್ನು ಹೇಳುವುದಿಲ್ಲ. ಎರಡನೆಯ ಇಬ್ರಾಹಿಂ ಆದಿಲ್ ಶಾಹ ದಖನಿಯಲ್ಲಿ ‘ಕಿತಾಬ್-ಎ-ನವರಸ್’ ಎಂಬ ಹಾಡುಗಳ ಪುಸ್ತಕ ಬರೆದ, ಅದರಲ್ಲಿ ಸರಸ್ವತಿಯನ್ನು, ಗಣಪತಿಯನ್ನು ನೆನೆದ, ಜಗದ್ಗುರು ಬಾದಶಹ ಎನ್ನಿಸಿಕೊಂಡ. ಅವನ ತಂಬೂರಿಗೆ ಮೋತಿಖಾನ್ ಎಂಬ ಹೆಸರಿತ್ತು. ಇದಕ್ಕಿಂತ ರುಚಿಯಾದ ಕಥೆ ಬೇಕೇ?

ನವರಸಪುರ

ತಾಳೆಗರಿ ಅವರೇ, ನನ್ನ ಹೆಸರೇ ಆ ರಾಜನಿಂದ ಬಂದದ್ದು, ಆದ್ದರಿಂದ ನಿಮ್ಮ ಜತೆ ಅರ್ಧ ಹಾದಿ ಬರುತ್ತೇನೆ. ಉಳಿದರ್ಧಕ್ಕೆ ಬರಲಾರೆ. ನನ್ನ ಚಿಕ್ಕಪ್ಪ ಹದಿನೆಂಟು ವರ್ಷ ಗೈಡ್ ಆಗಿದ್ದವರು. ಇಬ್ರಾಹಿಂ ರೋಜಾದಲ್ಲಿ ಅದರ ಕೆಲಸ ನಡೆಸಿದ ಮಲಿಕ್ ಸಂದಲ್‌ನ ಶಾಸನ, ನಡುಗೋಣೆಯಲ್ಲಿ ಆಧಾರವಿಲ್ಲದಂತೆ ತೋರುವ ಚಪ್ಪಟೆ ಚಾವಣಿ, ಒಂದೇ ಕಲ್ಲಿನಲ್ಲಿ ಕಡೆದ ಸರಪಳಿ, ಎಲ್ಲವನ್ನೂ ತೋರಿಸುತ್ತಿದ್ದರು. ಜನ ಆಕಳಿಸುತ್ತಿದ್ದರು. ರಂಭಾ ಎಂದ ಕೂಡಲೇ ಮೊಬೈಲ್ ಕೆಳಗಿಳಿಯುತ್ತಿತ್ತು. ಸಂಜೆ ಕೈಗೆ ಬರುವ ಭಕ್ಷೀಸು ಯಾವ ಕಥೆಗೆ ಎಂಬುದು ಅವರಿಗೆ ಒಂದು ವಾರದಲ್ಲೇ ಗೊತ್ತಾಗಿತ್ತು. ಕೇಳುವವರು ಬದಲಾದರೆ ಹೇಳುವವರೂ ಬದಲಾಗುತ್ತಾರೆ. ಸರ್ವೇಯರ್ ಸಾಹೇಬರ ಮುಂದೆ ಕರವಸ್ತ್ರ ಹೊರಬಂದದ್ದು ಸುಮ್ಮನೆ ಅಲ್ಲ.

ಒಂಟಿ ಪಯಣಿಗ

ಆ ಕರವಸ್ತ್ರ ನನ್ನನ್ನು ಸ್ವಲ್ಪ ಅಲುಗಾಡಿಸಿತು, ಒಪ್ಪಿಕೊಳ್ಳುತ್ತೇನೆ. ಮೂರು ಸಲ ಹೋಗಿಯೂ ಆ ಕಮಾನುಗಳನ್ನು ನಾನು ಬರೀ ಅಲಂಕಾರ ಎಂದುಕೊಂಡಿದ್ದೆ. ಡ್ರೈವರ್ ಹೇಗಿದ್ದರು? ಅವರ ಬಗ್ಗೆ ಏನೂ ಬರೆದಿಲ್ಲ.

ಹಳದಿ ಬೋರ್ಡ್

ಯಾರೂ ಬರೆಯುವುದಿಲ್ಲ ಅಣ್ಣ. ಕಾರು ಚೆನ್ನಾಗಿತ್ತು ಎಂದು ಬರೆಯುತ್ತಾರೆ.

ತಮಾಷೆಗೆ ಹೇಳಿದೆ. ಆದರೆ ಒಂದು ಮಾತು ನಿಜ. ಗುಮ್ಮಟದ ಗೇಟಿಗೆ ನೂರು ಸಲವಾದರೂ ಜನರನ್ನು ಬಿಟ್ಟಿದ್ದೇನೆ. ಒಳಗೆ ಹೋಗಿದ್ದು ಏಳನೆಯ ತರಗತಿಯ ಶಾಲಾ ಪ್ರವಾಸದಲ್ಲಿ, ಅದೊಂದೇ ಸಲ. ‘ಬಾರಪ್ಪಾ’ ಎಂದು ಕೆಲವರು ಕರೆಯುತ್ತಾರೆ. ಗಾಡಿಯಲ್ಲಿ ಲಗೇಜು ಇರುತ್ತದೆ, ಪಾರ್ಕಿಂಗಿನವರು ಹಿಂದೆ ತೆಗೆ, ಮುಂದೆ ತೆಗೆ ಎನ್ನುತ್ತಾರೆ, ರಾತ್ರಿ ಹೋಟೆಲಿನಲ್ಲಿ ಡ್ರೈವರಿಗೆ ಮಲಗಲು ಜಾಗವಿಲ್ಲದಿದ್ದರೆ ಹಗಲು ಒಂದು ತಾಸು ಸೀಟು ಹಿಂದಕ್ಕೆ ಮಾಡಿ ಕಣ್ಣು ಮುಚ್ಚಬೇಕಾಗುತ್ತದೆ. ರೂಮು ಕಾದಿರಿಸುವಾಗ ‘ಡ್ರೈವರಿಗೆ ಮಲಗುವ ವ್ಯವಸ್ಥೆ ಇದೆಯೇ’ ಎಂದು ಒಂದು ಮಾತು ಕೇಳಿ. ಮರುದಿನ ನಿಮ್ಮನ್ನು ಕೂರಿಸಿಕೊಂಡು ನೂರಿಪ್ಪತ್ತು ಕಿಲೋಮೀಟರ್ ಓಡಿಸುವವನ ಕಣ್ಣು ಅದು.

ಸರ್ವೇಯರ್ ಮಗ

ಹಳದಿ ಬೋರ್ಡ್ ಅವರೇ, ತಪ್ಪಾಯಿತು. ಬರೆಯಲು ಬಹಳ ಇದೆ, ಕೈಬಿಟ್ಟಿದ್ದೆ.

ನಮ್ಮ ಡ್ರೈವರ್ ಮೂವತ್ತರ ಹುಡುಗ. ಮೊದಲ ಸಂಜೆ ಸೀರೆ ಅಂಗಡಿಯ ಕಡೆಗೆ ಮೆಲ್ಲಗೆ ತಿರುಗಿಸಿದ. ನೀವು ಹೇಳಿಕೊಟ್ಟ ಹಾಗೆ ನಗುತ್ತಾ ಬೇಡ ಎಂದೆ, ಅವನೂ ನಕ್ಕ. ಅಲ್ಲಿಗೆ ಅದು ಮುಗಿಯಿತು. ಎರಡನೆಯ ದಿನ ತಾಜ್ ಬಾವಡಿ ಎಂಬ ದೊಡ್ಡ ಬಾವಿ ನೋಡಿ ಬರುವಾಗ, ಈ ನೀರೆಲ್ಲ ಎಲ್ಲಿಂದ ಬರುತ್ತಿತ್ತು ಎಂದು ಅಪ್ಪ ತಮಗೆ ತಾವೇ ಅಂದುಕೊಂಡರು. ಗೈಡ್ ಊಟಕ್ಕೆ ಮನೆಗೆ ಹೋಗಿದ್ದರು. ಹುಡುಗ ಏನೂ ಹೇಳದೆ ಒಂದು ಗಲ್ಲಿಗೆ ಕಾರು ತಿರುಗಿಸಿ ನಿಲ್ಲಿಸಿದ. ಮನೆಗಳ ನಡುವೆ ಕಲ್ಲು-ಗಾರೆಯ ಒಂದು ಚೌಕ ಗೋಪುರ, ಮೇಲೆ ಅರಳಿಯ ಸಸಿ, ಬದಿಗೆ ಒಣಹಾಕಿದ ಬಟ್ಟೆ. ‘ಇದಕ್ಕೆ ಗಂಜ್ ಅನ್ನುತ್ತೇವೆ ಸರ್. ಬೇಗಂ ತಲಾಬಿನ ನೀರು ಮಣ್ಣಿನ ಕೊಳವೆಯಲ್ಲಿ ಬರುತ್ತಿತ್ತು. ಒತ್ತಡ ಹೆಚ್ಚಾಗಿ ಕೊಳವೆ ಒಡೆಯಬಾರದೆಂದು ದಾರಿಯಲ್ಲಿ ಇಂಥವನ್ನು ಕಟ್ಟಿದ್ದಾರೆ. ನಮ್ಮ ಮನೆಯ ಹಿಂದೆಯೂ ಒಂದಿದೆ, ಅದರ ಸುತ್ತ ಆಡಿ ಬೆಳೆದವನು ನಾನು.’ ಎರಡು ದಿನದಲ್ಲಿ ಅಪ್ಪ ಕಾರಿನಿಂದ ತಾವಾಗಿ, ಯಾರ ಕೈಯನ್ನೂ ಹಿಡಿಯದೆ ಇಳಿದದ್ದು ಅಲ್ಲೊಂದೇ ಕಡೆ. ಅದರ ಸುತ್ತ ಎರಡು ಸಲ ನಡೆದರು. ಗುಮ್ಮಟಕ್ಕಿಂತ ಇದೇ ಮೇಲು ಎಂದು ಈಗಲೂ ವಾದಿಸುತ್ತಾರೆ, ನಾನು ಒಪ್ಪಿಲ್ಲ.

ಅಲ್ಲಿಂದ ಖಾನಾವಳಿಗೆ ಹೋದೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಹುಡುಗ ಬೇರೆ ಮೇಜಿಗೆ ಹೊರಟಿದ್ದ, ಅಮ್ಮ ಬಿಡಲಿಲ್ಲ. ಊಟದ ನಡುವೆ ಅಪ್ಪ ಕೇಳಿದರು, ‘ಗುಮ್ಮಟ ಹತ್ತಿದ್ದೀಯಾ?’ ‘ಇಲ್ಲ ಸರ್.’ ‘ಈ ಊರಿನವನೇ ಅಲ್ಲವೇ?’ ‘ಅದಕ್ಕೇ ಸರ್.’

ರೈಲಿಗೆ ಇನ್ನೂ ಸಮಯವಿತ್ತು. ಅಪ್ಪ ಗುಮ್ಮಟದ ಗೇಟಿಗೆ ಕಾರು ತಿರುಗಿಸಲು ಹೇಳಿ, ಹುಡುಗನಿಂದ ಕೀಲಿ ಕೈಗೆ ಪಡೆದು ಮುಂದಿನ ಸೀಟಿನಲ್ಲಿ ಕುಳಿತರು. ಮಗಳನ್ನು ಜತೆಗೆ ಕಳಿಸಿದರು. ‘ಮೆಟ್ಟಿಲು ಎಣಿಸಿಕೊಂಡು ಬಾ’ ಎಂದು ಹುಡುಗನಿಗೆ ಆಜ್ಞೆ. ಮುಕ್ಕಾಲು ತಾಸಿಗೆ ಇಬ್ಬರೂ ಬೆವರುತ್ತಾ ಬಂದರು. ಐದನೆಯ ಅಂತಸ್ತಿನಲ್ಲಿ ಒಂದು ಶಾಲೆಯ ಮಕ್ಕಳೆಲ್ಲ ಎದುರಿಗೆ ಇಳಿದು ಬಂದು ಅವನಿಗೆ ಲೆಕ್ಕ ತಪ್ಪಿತಂತೆ. ಮಗಳು ಬೇರೊಂದು ಸಂಖ್ಯೆ ಹೇಳಿದಳು. ಅಪ್ಪ ಎರಡನ್ನೂ ತಿರಸ್ಕರಿಸಿದರು.

ಆದ್ದರಿಂದ ಕೊನೆಯ ಪ್ರಶ್ನೆ. ಯಾರಾದರೂ ಸರಿಯಾಗಿ ಎಣಿಸಿದ್ದೀರಾ? ಮನೆಯಲ್ಲಿ ಇದು ಇನ್ನೂ ಇತ್ಯರ್ಥವಾಗಿಲ್ಲ.

ನವರಸಪುರ

ನಮ್ಮ ಮನೆಯಲ್ಲಿ ಮೂವರು ಎಣಿಸಿದ್ದೇವೆ, ಮೂರು ಲೆಕ್ಕ ಬಂದಿದೆ. ಹೊಸ್ತಿಲನ್ನು ಸೇರಿಸಬೇಕೋ ಬೇಡವೋ ಎಂಬಲ್ಲಿ ಚಿಕ್ಕಪ್ಪನಿಗೂ ನನಗೂ ಮಾತು ಬಿಟ್ಟುಹೋಗುವಷ್ಟು ಜಗಳ. ಸಾಹೇಬರನ್ನು ಇನ್ನೊಮ್ಮೆ ಕರೆತನ್ನಿ. ಅವರು ಕೆಳಗೆ ಪುಸ್ತಕ ಹಿಡಿದು ಕೂರಲಿ, ನಾನು ಹತ್ತುತ್ತಾ ಪ್ರತಿ ಅಂತಸ್ತಿನಿಂದ ಫೋನು ಮಾಡುತ್ತೇನೆ. ಶುಕ್ರವಾರ ಬೇಡ.